ಟೌನೋನ ಉಗಿಮನೆಗೆ ಬಂದ ಮೆಣಸಿನ ಬೀಜ

ಶನಿವಾರ ಸಂಜೆ ಉಗಿಮನೆಯಲ್ಲಿ ಕೂತು ಮಾಡುವ ಬೆವರುಸ್ನಾನವನ್ನು ಮುದುಕ ಟೌನೋ ತನ್ನ ಮದುವೆಯ ದಿನವೂ ತಪ್ಪಿಸಿರಲಿಲ್ಲ. (ಮದುವೆಗೆ ಅರ್ಧ ಗಂಟೆ ತಡವಾಯಿತು, ಅಷ್ಟೆ.) ಅಂಥ ಉಗಿಮನೆಯ ಹಲಗೆಗಳ ಮೇಲೆ, ಮಾರ್ಚ್ ತಿಂಗಳು ಬಂದದ್ದೇ ತಡ, ಹೆಂಡತಿ ಹಿಲ್ಯಾ ಮೆಣಸಿನಕಾಯಿ ಬೀಜ ಬಿತ್ತಿದ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಕೂರಿಸಿಬಿಟ್ಟಳು. ಮಿಚಿಗನ್ನಿನ ಆ ಉತ್ತರದ ಮೂಲೆಯಲ್ಲಿ ಹೊರಗೆ ಸೊಂಟದೆತ್ತರ ಹಿಮ. ಅಡುಗೆಮನೆಯಲ್ಲಿಟ್ಟರೂ ಬೀಜ ನಡುಗುತ್ತದೆ.

“ಮೊಳಕೆ ಬರೋವರೆಗೆ ಮಣ್ಣು ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇರ್ಬೇಕು ರೀ. ಮೂರು ವಾರ.”

“ಎಂಬತ್ತು ಅಂದ್ರೆ ಉಗುರುಬೆಚ್ಚಗೆ ಕಣೇ! ನನಗೆ ನೂರಾ ಎಂಬತ್ತಾದ್ರೂ ಬೇಕು.”

“ನೀವೇನು ಮೊಳಕೆ ಒಡೀಬೇಕಾ?”

ಶನಿವಾರ ಟೌನೋ ಒಲೆಗೆ ಒಂದೇ ಒಂದು ಸೌದೆ ಇಟ್ಟು, ಬೀಜಗಳ ನಡುವೆ ಕೋಟು ಹಾಕಿಕೊಂಡೇ ಕುಳಿತ. ಆಗ ಅವನಿಗೆ ಜ್ಞಾನೋದಯವಾಯಿತು. ಒಳಗೆ ಬಿಸಿ ಎಷ್ಟಿದೆ ಎಂದು ಕೇಳಲು ಹಿಲ್ಯಾ ಬಾಗಿಲು ತಟ್ಟಿದೊಡನೆ ಗೋಡೆಯ ಥರ್ಮಾಮೀಟರನ್ನು ಹಿಮದ ಬಕೆಟ್ಟಿನಲ್ಲಿ ಕ್ಷಣಹೊತ್ತು ಅದ್ದಿ, ಬಾಗಿಲ ಸಂದಿಯಿಂದ ಹೊರಗೆ ಚಾಚಿದ.

“ಅಯ್ಯೋ, ಅರವತ್ತು! ಇನ್ನೆರಡು ಸೌದೆ ಹಾಕ್ರೀ.”

“ನೀನು ಹೇಳಿದ್ಮೇಲೆ ಹಾಕದೇ ಇರೋಕಾಗುತ್ತಾ?”

ಹೀಗೆ ನಾಲ್ಕು ಸಲ. ಕೋಟು ಹೋಯಿತು, ಅಂಗಿ ಹೋಯಿತು, ಉಳಿದದ್ದೂ ಹೋಯಿತು. ಕಾದ ಕಲ್ಲಿನ ಮೇಲೆ ನೀರೆರಚಿದ. ಚೊಂಯ್ ಎಂಬ ಸದ್ದು ಹೊರಗೆ ಕೇಳದಿರಲೆಂದು ಜೋರಾಗಿ ಕೆಮ್ಮಿದ.

ಮೂರು ವಾರವಾದರೂ ಒಂದು ಮೊಳಕೆಯೂ ಏಳಲಿಲ್ಲ. ಹಿಲ್ಯಾ ಸೂಜಿಯಿಂದ ಒಂದು ಬೀಜ ಕೆದಕಿ ತೆಗೆದು ಹಿಸುಕಿದಳು. ಬೆಂದ ಕಾಳಿನಂತೆ ಪಿಚಕ್ಕೆಂದಿತು. ಅವಳು ಗಂಡನ ಕಡೆ ತಿರುಗಿದಳು.

“ಆವತ್ತು ಆಚೆ ಬಂದಾಗ ಬೀಟ್‌ರೂಟಿನ ಹಾಗೆ ಕೆಂಪಗಿದ್ರಿ. ಅರವತ್ತು ಡಿಗ್ರಿಲಿ ಗಂಡಸು ಕೆಂಪಾಗೋದು ನಾಚಿಕೆಗೆ ಮಾತ್ರ. ನಿಮಗೆ ಅದಿಲ್ಲ.”

ಬೈಯಲಿಲ್ಲ, ಕೂಗಾಡಲಿಲ್ಲ. ಉಗಿಮನೆಗೆ ಬೀಗ ಹಾಕಿದಳು. ಬಿತ್ತದೆ ಪೊಟ್ಟಣದಲ್ಲಿ ಉಳಿದಿದ್ದ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಂಡನ ಹೊಟ್ಟೆಗೆ ಬಿಗಿಯಾಗಿ ಕಟ್ಟಿದಳು.

“ಒಲೆ ನಿಮ್ಮ ಕೈಯಲ್ಲಿರುತ್ತೆ, ಅದನ್ನ ನಂಬೋ ಹಾಗಿಲ್ಲ. ಹೊಟ್ಟೆ ಬಿಸಿ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಮೊಳಕೆ ಬರೋವರೆಗೆ ಉಗಿ ಇಲ್ಲ, ಬಿಸಿನೀರಿಲ್ಲ, ಬೋರಲು ಮಲಗೋ ಹಾಗಿಲ್ಲ.”

ಮುಂದಿನ ಶನಿವಾರ ಊರಿನ ಉಗಿಮನೆಗಳೆಲ್ಲ ಹೊಗೆಯಾಡುತ್ತಿದ್ದವು. ಟೌನೋ ಹೊಟ್ಟೆಯ ಮೇಲೆ ಕೈಯಿಟ್ಟು ಅಂಗಳದಲ್ಲಿ ಮೆಲ್ಲಗೆ ಅಡ್ಡಾಡುತ್ತಿದ್ದ. ಪಕ್ಕದ ಮನೆಯ ರೈನೋ ಮೈಯಿಂದ ಹಬೆ ಬಿಡುತ್ತ ತನ್ನ ಉಗಿಮನೆಯ ಬಾಗಿಲಿಂದ ತಲೆ ಹಾಕಿದ.

“ಏನೋ ಟೌನೋ, ಹೊಟ್ಟೆ ಹಿಡ್ಕೊಂಡು ಓಡಾಡ್ತಿದೀಯ? ಬಾರೋ, ಕಲ್ಲು ಚೆನ್ನಾಗಿ ಕಾದಿದೆ!”

ಟೌನೋ ಒಂದು ಹೆಜ್ಜೆ ಮುಂದಿಟ್ಟ.

“ಕರೀಬೇಡ ರೈನೋ,” ಜಗಲಿಯಿಂದ ಹಿಲ್ಯಾಳ ದನಿ ಬಂತು. “ಅವರಿಗೆ ದಿನ ತುಂಬಿದೆ.”