ಹಾಕದ ಬೆಸುಗೆ

ಒಂದು ದೀಪದ ವೈರಿಗೆ ನಾನು ಬೆಸುಗೆ ಹಾಕಲಿಲ್ಲ. ಹಾಕಿದ್ದೇನೆ ಎಂದು ಹೇಳಿದೆ. ನನ್ನ ತಪ್ಪು ಇಷ್ಟೇ. ಕೇಳಿದವರು ‘ಅಯ್ಯೋ, ಇದೂ ಒಂದು ತಪ್ಪೇ?’ ಅನ್ನಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನಾನು ಹೆಚ್ಚು ಓದಿದವನಲ್ಲ. ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತು, ಬೆಂಚಿಗೆ ನನ್ನ ಮೇಲೆ ಬೇಸರ ಹುಟ್ಟುವ ಮುಂಚೆಯೇ ಎದ್ದು ಬಂದವನು. ಲಗ್ಗೆರೆಯ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಸುಟ್ಟ ಮೋಟರಿನ ತಂತಿ ಕಿತ್ತು ಹೊಸದು ಸುತ್ತುವುದು, ತುದಿ ಕೆರೆದು, ತಿರುಚಿ, ಬೆಸುಗೆ ಹಾಕಿ ಮೇಲೆ ಪ್ಲಾಸ್ಟಿಕ್ ಸ್ಲೀವು ಏರಿಸುವುದು. ಬರೀ ತಿರುಚಿ ಬಿಟ್ಟರೆ ಒಂದಲ್ಲ ಒಂದು ದಿನ ಕೈ ಕೊಡುತ್ತದೆ ಎಂಬುದು ಅಂಗಡಿಗೆ ಸೇರಿದ ಮೊದಲ ವಾರ ನಾನು ಕಲಿತ ಪಾಠ. ಬಹುಶಃ ಜನ್ಮದಲ್ಲಿ ನಾನು ಪೂರ್ತಿ ಕಲಿತ ಪಾಠ ಅದೊಂದೇ.

ನಮ್ಮಕ್ಕನದು ಮಾರೇನಹಳ್ಳಿಯಲ್ಲಿ ಬಜ್ಜಿ ಗಾಡಿ. ಭಾವ ಮನೆ ಬಿಟ್ಟು ಹೋದ ಮೇಲೆ ಮನೆ ನಡೆದದ್ದು ಅವಳ ಎರಡು ಕೈಗಳ ಮೇಲೆ. ಮೊದಲು ಗ್ಯಾಸ್‌ಲೈಟ್ ಉರಿಸುತ್ತಿದ್ದಳು. ಬಜ್ಜಿಗೆ ಸೀಮೆಎಣ್ಣೆ ವಾಸನೆ ಎಂದು ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಆಮೇಲೆ ಮಹಿಳಾ ಸಂಘದ ಕಡೆಯಿಂದ ಒಂದು ಸೋಲಾರ್ ದೀಪ ಬಂತು. ಶಾಲೆಯ ಸ್ಲೇಟಿಗಿಂತ ಸ್ವಲ್ಪ ದೊಡ್ಡದಾದ ಹಲಗೆ, ಅದರಿಂದ ಹೊರಟ ಕಪ್ಪು ವೈರು, ವೈರಿನ ತುದಿಗೆ ದೀಪ. ಹಗಲು ಹಲಗೆಯನ್ನು ಬಿಸಿಲಿಗಿಟ್ಟರೆ ದೀಪದೊಳಗಿನ ಬ್ಯಾಟರಿ ತುಂಬಿ ಸಂಜೆಯ ವ್ಯಾಪಾರ ಮುಗಿಯುವವರೆಗೂ ಉರಿಯುತ್ತಿತ್ತು. ಅಕ್ಕ ಆ ಹಲಗೆಯನ್ನು ಒಣಹಾಕಿದ ಹಪ್ಪಳದಂತೆ ಕಾಯುತ್ತಿದ್ದಳು. ಬಿಸಿಲು ಸರಿದ ಕಡೆಗೆ ಅದನ್ನೂ ಸರಿಸುವಳು, ಕಾಗೆ ಬಂದರೆ ಓಡಿಸುವಳು. ಕಾಗೆ ಏನು ತಿನ್ನುತ್ತದೆ ಎಂದು ನಾನು ಕೇಳಿದರೆ, “ತಿನ್ನಲ್ಲ ಕಣೋ, ಗಲೀಜು ಮಾಡುತ್ತೆ” ಅನ್ನುತ್ತಿದ್ದಳು.

ಒಂದು ದಿನ ಗಾಡಿಯ ತಗಡು ಮಡಚುವಾಗ ವೈರು ಸಂದಿಗೆ ಸಿಕ್ಕಿ ತುಂಡಾಯಿತು. ಅಂಗಡಿಗೆ ಫೋನ್ ಮಾಡಿದಳು. “ಕುಮಾರ, ವೈರ್ ಕಿತ್ಹೋಯ್ತು ಕಣೋ. ಯಾವಾಗ್ ಬರ್ತೀಯ?”

“ನಾಳೆ ಬರ್ತೀನಿ ಬಿಡಕ್ಕ.”

ಆ ನಾಳೆ ಮೂರು ವಾರ ಬರಲಿಲ್ಲ. ಆ ಮೂರು ವಾರ ನಾನೇನು ಸುಮ್ಮನೆ ಕೂತಿರಲಿಲ್ಲ. ವಠಾರದ ಓನರ್ ಮನೆಯ ಮಿಕ್ಸಿ ರಿಪೇರಿ ಮಾಡಿದೆ. ಎದುರುಮನೆ ಆಂಟಿಯ ಇಸ್ತ್ರಿಪೆಟ್ಟಿಗೆ ಸರಿ ಮಾಡಿ, “ನೀನು ಓದಿದ್ರೆ ಇಂಜಿನಿಯರ್ ಆಗ್ಬಿಡ್ತಿದ್ದೆ ಕಣಪ್ಪ” ಅನ್ನಿಸಿಕೊಂಡೆ. ಪರರ ಮನೆಯಲ್ಲಿ ಸ್ಕ್ರೂ ತಿರುಗಿಸಿದರೆ ಹೊಗಳಿಕೆ ಸಿಗುತ್ತದೆ. ಅಕ್ಕನ ಮನೆಯಲ್ಲಿ ಅದು ತಮ್ಮನ ಕರ್ತವ್ಯ. ಕರ್ತವ್ಯಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವಲ್ಲ!

ಕೊನೆಗೊಂದು ಭಾನುವಾರ ಹೋದೆ. ಬೆಸುಗೆ ಹಾಕುವ ಐರನ್ನು ಅಂಗಡಿಯಲ್ಲೇ ಮರೆತಿದ್ದೆ. ಟೀವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಅಕ್ಕ ಒಳಗೆ ಹಿಟ್ಟು ಕಲಸುತ್ತಿದ್ದಳು. ಎರಡು ಓವರುಗಳ ನಡುವೆ ವೈರಿನ ತುದಿಗಳನ್ನು ತಿರುಚಿ, ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು ಸುತ್ತಿಬಿಟ್ಟೆ.

“ಸಾಲ್ಡರ್ ಹಾಕ್ದೇನೋ?” ಎಂದು ಒಳಗಿನಿಂದಲೇ ಕೇಳಿದಳು. ಬೆಸುಗೆಗೆ ಆ ಶಬ್ದ ಅವಳಿಗೆ ಕಲಿಸಿದವನೂ ನಾನೇ.

“ಹೂಂ ಅಕ್ಕ, ಇನ್ ಆನೆ ಎಳುದ್ರೂ ಬರಲ್ಲ.”

ಆನೆ ಬೇಕಾಗಲಿಲ್ಲ. ವೈರನ್ನು ದಿನಾ ಸುತ್ತಿ ಬಿಚ್ಚಿ ಮಾಡುವಾಗ ಗಂಟು ಒಳಗೇ ಸಡಿಲವಾಗುತ್ತ ಬಂತು. ತಿಂಗಳಾದ ಮೇಲೆ ಅಕ್ಕನ ಫೋನು: “ದೀಪ ಯಾಕೋ ಬೇಗ ಮಂಕಾಗುತ್ತೆ ಕಣೋ.”

“ಮೋಡ ಅಲ್ವೇನಕ್ಕ?”

“ಎಲ್ಲಿ ಮೋಡ? ನಿನ್ನೆ ನೆತ್ತಿ ಸುಡ್ತಿತ್ತು.”

“ಮೇಲ್ಗಡೆ ಇರುತ್ತಕ್ಕ. ನಮಗ್ ಕಾಣಲ್ಲ.”

ಅವಳು ನಂಬಿದಳು. ಕಾಣದ ಮೋಡವನ್ನು ತಪ್ಪಿಸಲು ಹಲಗೆಯನ್ನು ಎತ್ತಿಕೊಂಡು ಮಹಡಿ ಹತ್ತಿ ಇಳಿದಳು. ಮಂಕಾದಾಗ ದೀಪದ ನೆತ್ತಿಯ ಮೇಲೆ ತಟ್ಟುವುದನ್ನು ರೂಢಿ ಮಾಡಿಕೊಂಡಳು. ಒಂದು ಮುಸ್ಸಂಜೆ, ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಿದ್ದಾಗ ದೀಪ ಪೂರ್ತಿ ಆರಿಹೋಯಿತು. ತಟ್ಟಲು ಕೈ ಚಾಚಿದಾಗ ಮೊಣಕೈ ಬಾಣಲೆಯಲ್ಲಿದ್ದ ಜಾಲರಿಯ ಹಿಡಿಗೆ ತಗುಲಿ, ಬಾಣಲೆ ವಾಲಿ, ಎಡಗೈ ಮೇಲೆಲ್ಲ ಎಣ್ಣೆ ಬಿತ್ತು.

ಅವಳು ಆಸ್ಪತ್ರೆಯಲ್ಲಿದ್ದಾಗ ನಾನು ಗಾಡಿಯ ಹತ್ತಿರ ಹೋಗಿ ವೈರನ್ನು ಎರಡು ಬೆರಳಿನಲ್ಲಿ ಎಳೆದು ನೋಡಿದೆ. ಸಲೀಸಾಗಿ ಬಂತು. ಟೇಪಿನ ಅಂಚಿನಲ್ಲಿ ನನ್ನ ಹಲ್ಲಿನ ಗುರುತು ಹಾಗೇ ಇತ್ತು. ಹಲಗೆಯನ್ನು ಅಂಗಡಿಗೆ ಒಯ್ದು, ತುದಿ ಕೆರೆದು, ಬೆಸುಗೆ ಹಾಕಿ, ಸ್ಲೀವು ಏರಿಸಿ, ಯಾರಿಗೂ ಹೇಳದೆ ತಂದಿಟ್ಟೆ. ಹತ್ತು ನಿಮಿಷದ ಕೆಲಸ. ಟೇಪಿನ ಚೂರನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ. ಅದು ನಾಲ್ಕು ಸಲ ಒಗೆತಕ್ಕೆ ಹೋಗಿಬಂದರೂ ಅಂಗಿ ಬಿಡಲಿಲ್ಲ. ಅವತ್ತು ವೈರಿಗೆ ಹೀಗೆ ಅಂಟಿದ್ದರೆ ಎಂದು ಅದಕ್ಕೂ ಬೈದೆ. ತಪ್ಪನ್ನು ಟೇಪಿನ ಮೇಲೆ ಹಾಕಬಲ್ಲ ಮನುಷ್ಯ ನಾನು.

ಗಾಯ ಮಾಗಿತು. ಆದರೆ ಚರ್ಮ ಎಳೆದುಕೊಂಡು ಅಕ್ಕನ ಎಡಗೈಯ ಎರಡು ಬೆರಳು ಮಡಚಿದಲ್ಲೇ ನಿಂತವು. ಗೌರಿ ಹಬ್ಬ ಬಂತು. ಅಮ್ಮನಿಲ್ಲದ್ದರಿಂದ ತವರಿನ ಬಾಗಿನ ಒಯ್ಯುವವನು ನಾನೇ. ಮೊರದಲ್ಲಿ ಹಸಿರು ಬಳೆ ಇಟ್ಟುಕೊಂಡು ಹೋದೆ. ಅಕ್ಕ ಅಷ್ಟೂ ಬಳೆಗಳನ್ನು ಬಲಗೈಗೇ ಏರಿಸಿಕೊಂಡಳು.

“ಎರಡೂ ಕೈಗೆ ಹಾಕ್ಕೊಳೇ” ಎಂದರು ಕುಂಕುಮಕ್ಕೆ ಬಂದಿದ್ದ ಪಕ್ಕದ ಮನೆಯ ಶಾರದಮ್ಮ.

“ಆ ಕೈಗೆ ಉಜ್ಜುತ್ತೆ ಆಂಟಿ, ಇರ್ಲಿ.”

“ಹಾಳು ದೀಪ! ಎತ್ತಿ ಬಿಸಾಕೋದು ಬಿಟ್ಟು ಇನ್ನೂ ಇಟ್ಕೊಂಡಿದ್ದೀಯಲ್ಲ.”

“ದೀಪದ್ದೇನ್ ತಪ್ಪು ಆಂಟಿ? ಮೇಲ್ಗಡೆ ಮೋಡ ಇತ್ತು, ನನಗೆ ತಿಳೀಲಿಲ್ಲ. ನಮ್ ಕುಮಾರ ಹಾಕಿರೋ ಸಾಲ್ಡರ್ ನೋಡಿ, ಅವತ್ತಿಂದ ಇವತ್ತಿಗೂ ಅಲ್ಲಾಡಿಲ್ಲ” ಎಂದು ಅಕ್ಕ ಹಲಗೆ ತಂದು ವೈರನ್ನು ಎಳೆದು ತೋರಿಸಿದಳು. ಬಲಗೈಯಲ್ಲಿ ಎಳೆದಳು. ಎಡಗೈಯಲ್ಲಿ ಹಿಡಿಯಲಾಗದೆ ಹಲಗೆಯನ್ನು ಎದೆಗೆ ಒತ್ತಿಕೊಂಡಿದ್ದಳು.

ಶಾರದಮ್ಮ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ಅಂಥ ನೋಟಕ್ಕಾಗಿಯೇ ನಾನು ಊರ ಮಿಕ್ಸಿಗಳನ್ನೆಲ್ಲ ಬಿಚ್ಚಿದವನು. ಈಗ ಅದು ಬಂದಾಗ ಕೈಯಲ್ಲಿದ್ದ ಕಾಫಿ ಲೋಟ ಎಲ್ಲಿಡಬೇಕೋ ತೋಚಲಿಲ್ಲ. ಅವರು ಹೋಗಲಿ, ಆಮೇಲೆ ಹೇಳೋಣ ಅನ್ನಿಸಿತು. ಆ ‘ಆಮೇಲೆ’ಯ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಅದು ‘ನಾಳೆ’ಯ ಒಡಹುಟ್ಟು. ಲೋಟವನ್ನು ನೆಲದ ಮೇಲಿಟ್ಟೆ.

“ಅಕ್ಕ, ಅದು ಅವತ್ತು ಹಾಕಿದ್ದಲ್ಲ. ಅವತ್ತು ಬರೀ ತಿರುಚಿ ಟೇಪ್ ಸುತ್ತಿದ್ದೆ. ನೀನು ಆಸ್ಪತ್ರೇಲಿದ್ದಾಗ ಹಾಕಿದ್ದು ಇದು. ಮೋಡ ಗೀಡ ಏನೂ ಇರ್ಲಿಲ್ಲ. ಸುಳ್ಳು ಹೇಳ್ದೆ. ತಪ್ಪಾಯ್ತಕ್ಕ.”