ಆರು ಸರ, ಒಂಬತ್ತು ಗುಂಡಿ

ಸಕ್ಕರೆಯಲ್ಲಿ ಎರಡೇ ಬಗೆ: ಡಬ್ಬಿಯಲ್ಲಿ ಇರುವುದು, ಡಬ್ಬಿಯಲ್ಲಿ ಮುಗಿದುಹೋಗಿರುವುದು. ನಮ್ಮ ದರ್ಜಿಯವರು ಐವತ್ತು ವರ್ಷ ಹೀಗೆಯೇ ನಂಬಿ ಸುಖವಾಗಿದ್ದರು. ಮಗಳು ರಸಾಯನಶಾಸ್ತ್ರದ ಪುಸ್ತಕ ತೆರೆದು, "ಕೆಳಗಿನಿಂದ ಎರಡನೇ ಕಾರ್ಬನ್ನಿನ ಓಎಚ್ ಬಲಕ್ಕಿದ್ರೆ ಡಿ ಸಕ್ಕರೆ, ಎಡಕ್ಕಿದ್ರೆ ಎಲ್ ಸಕ್ಕರೆ" ಎಂದು ಜಪಿಸತೊಡಗಿದಾಗ ಆ ಸುಖಕ್ಕೆ ಕತ್ತರಿ ಬಿತ್ತು.

ಕಳೆದ ಸಲ ಮೌಖಿಕ ಪರೀಕ್ಷೆಯಲ್ಲಿ ಬಾಯಿಗೆ ಹೊಲಿಗೆ ಹಾಕಿಸಿಕೊಂಡವಳಂತೆ ಕೂತು ನಪಾಸಾದ ಹುಡುಗಿ. ನಾಳೆ ಅದೇ ಪರೀಕ್ಷೆ, ಅದೇ ಮೇಷ್ಟ್ರು. ಈ ಸಲವೂ ಹೋದರೆ ಒಂದು ವರ್ಷವೇ ಹೋಯಿತು.

"ಮೂವತ್ತು ವರ್ಷ ಊರಿನ ಸೊಂಟ ಅಳೆದವನು ನಾನು! ಇದ್ಯಾವ ಮಹಾ ಪಾಠ? ನಾನಿದ್ದೀನಿ ಬಿಡು!" ಎಂದು ದರ್ಜಿಯವರು ಎದೆ ತಟ್ಟಿಕೊಂಡರು.

"ನೀವು ಸುಮ್ಮನಿದ್ರೆ ಅವಳು ಪಾಸಾಗ್ತಾಳೆ ಕಣ್ರೀ," ಎಂದರು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ.

ಮಗಳು ಅಂಗಡಿಯ ಗುಂಡಿ ಡಬ್ಬಿ ಬರಿದು ಮಾಡಿದ್ದಳು. ಸಕ್ಕರೆ ಮುಗಿದು ಅಮೈನೋ ಆಮ್ಲಗಳ ಪಾಠ: ಬಿಳಿ ಗುಂಡಿ ಗ್ಲೈಸಿನ್, ಬೂದು ಅಲನಿನ್, ಕಪ್ಪು ಸೆರಿನ್. ಮೂರನ್ನೂ ಒಂದೊಂದೇ ಸಲ ಬಳಸಿ, ಕ್ರಮ ಬದಲಿಸಿ ಪೋಣಿಸಿದರೆ ಆರು ಪೆಪ್ಟೈಡ್, ಅಂದರೆ ಆ ಆಮ್ಲಗಳ ಆರು ಸರ! ಆರು ಸರಗಳ ಆರಂಭದ ತುದಿಗೆ ಒಂದೊಂದು ಗಂಟು ಹಾಕಿ, ಕಿಟಕಿಗೆ ಕಟ್ಟಿ, ಗೆಳತಿಯ ಮನೆಗೆ ನೋಟ್ಸ್ ತರಲು ಹೋದಳು.

ಇತ್ತ ಅದೇ ಮೇಷ್ಟ್ರ ಅಂಗಿಯನ್ನು ಸಂಜೆಯೊಳಗೆ ಕೊಡಬೇಕಿತ್ತು. ಡಬ್ಬಿಯಲ್ಲಿ ಒಂದು ಗುಂಡಿಯೂ ಇಲ್ಲ! ದರ್ಜಿಯವರು ಸರಗಳನ್ನು ದಿಟ್ಟಿಸಿದರು. ಬಿಳಿ-ಬೂದು-ಕಪ್ಪು, ತಿರುಗಿಸಿದರೆ ಕಪ್ಪು-ಬೂದು-ಬಿಳಿ. ಎರಡೂ ಒಂದೇ! ಅಂದರೆ ಪೆಪ್ಟೈಡ್ ಆರಲ್ಲ, ಮೂರೇ! ಹೆಚ್ಚಾದ ಮೂರು ಸರ ಬಿಚ್ಚಿದರು; ಮಗಳ ತಪ್ಪು ತಿದ್ದಿದ ಪುಣ್ಯವೂ ಬಂತು, ಒಂಬತ್ತು ಗುಂಡಿಯೂ ಬಂತು. ಮೂರು ಬಣ್ಣದ ಗುಂಡಿಯೇ ಈಗಿನ ಫ್ಯಾಷನ್ ಎಂದು ತಾವೇ ತೀರ್ಪಿತ್ತು, "ಬಲಕ್ಕಿದ್ರೆ ಡಿ, ಎಡಕ್ಕಿದ್ರೆ ಎಲ್" ಎಂದು ಗುನುಗುತ್ತಲೇ ಕಾಜ ಮಾಡಿ, ಗುಂಡಿ ಹಚ್ಚಿ, ಪೊಟ್ಟಣ ಕಟ್ಟಿ ಕೊಟ್ಟು ಬಂದರು.

"ಅಪ್ಪಾ, ನನ್ನ ಮೂರು ಪೆಪ್ಟೈಡ್ ಎಲ್ಲಿ?"

"ತಿರುಗಿಸಿದ್ರೆ ಎರಡೂ ಒಂದೇ ಅಲ್ವೇನೇ?"

"ಪೆಪ್ಟೈಡಿಗೆ ತಲೆ ಬೇರೆ, ಬಾಲ ಬೇರೆ! ಅದಕ್ಕೇ ಗಂಟು ಹಾಕಿದ್ದು! ಕಾಲರ್ ಕೆಳಗೆ ಮಾಡಿ ಅಂಗಿ ಹಾಕ್ಕೊಂಡು ಬೀದಿಗೆ ಹೋಗ್ತೀಯಾ?"

"ಹೋದ್ರೂ ಹೋದಾರು ಇವರು," ಎಂದರು ಹೆಂಡತಿ.

ಮರುದಿನ ಮಧ್ಯಾಹ್ನ ಮಗಳು ಅದೇ ಪೊಟ್ಟಣ ಹಿಡಿದು ಬಂದಳು. ದರ್ಜಿಯವರು ಹೊಲಿಗೆ ಯಂತ್ರದ ಹಿಂದಕ್ಕೆ ಸರಿದು ಕೂತರು.

"ಮೇಷ್ಟ್ರು ಅಂಗೀನ ಮೇಜಿನ ಮೇಲೆ ಹಾಸಿ, 'ನಿಮ್ಮಪ್ಪ ಇದೇನಮ್ಮಾ ಮಾಡಿದಾರೆ?' ಅಂದ್ರು. 'ಗಂಡಸರ ಅಂಗಿಗೆ ಗುಂಡಿ ಬಲಕ್ಕಿರ್ಬೇಕು ಸಾರ್, ಎಡಕ್ಕಿದೆ. ಡಿ ಆಗ್ಬೇಕಾದ್ದು ಎಲ್ ಆಗಿದೆ' ಅಂದೆ. ಆಮೇಲೆ ಗುಂಡಿ ನೋಡ್ಕೊಂಡು ಗ್ಲೈಸಿನ್, ಅಲನಿನ್, ಸೆರಿನ್ ಅಂತ ಓದಿದೆ. ಕಾಲರಿಂದ್ಲೇ ಯಾಕೆ ಓದ್ಬೇಕು ಅಂದ್ರು, ಅದನ್ನೂ ಹೇಳಿದೆ. ನಕ್ಕು ನಕ್ಕು ಪಾಸು ಮಾಡಿದ್ರು!"

ದರ್ಜಿಯವರ ಎದೆ ಎರಡಂಗುಲ ಉಬ್ಬಿತು. "ಅಂದ್ರೆ ಪಾಸಾಗಿದ್ದು ನನ್ನಿಂದ್ಲೇ ಅನ್ನು! ಮುಂದಿನ ಪರೀಕ್ಷೆಗೂ ನಾನೇ ಹೇಳಿಕೊಡ್ಲಾ?"

ಮಗಳು ಪೊಟ್ಟಣವನ್ನೂ ಕತ್ತರಿಯನ್ನೂ ಅವರ ಮಡಿಲಿಗಿಟ್ಟಳು.

"ಬೇಡ. ಒಂಬತ್ತೂ ಗುಂಡಿ ಬಿಚ್ಚು."