ಮಗಳ ಮದುವೆಗೆ ನಾನು ಹೋಗಿದ್ದೆನೆ?

ಕಲ್ಲಿಗಿರುವ ಜ್ಞಾಪಕಶಕ್ತಿ ಮನುಷ್ಯನಿಗಿಲ್ಲವೆಂಬುದನ್ನು ನಾನು ವೃತ್ತಿಯಿಂದ ಬಲ್ಲೆ. ನನಗಂತೂ ಇಲ್ಲವೇ ಇಲ್ಲವೆಂಬುದನ್ನು ಮನೆಯಾಕೆಯ ಮೂಲಕ ಬಲ್ಲೆ. ಶಾಸನಗಳ ಕಾಲನಿರ್ಣಯ ನನ್ನ ಜೀವಮಾನದ ಕೆಲಸವಾಗಿತ್ತು. ಶಾಸನವೊಂದು ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳಿದ ಮಾತ್ರಕ್ಕೆ ನಂಬಿಬಿಡುವುದು ನಮ್ಮ ಪದ್ಧತಿಯಲ್ಲ. ಆ ತಿಥಿಯಂದು ಆ ವಾರವೇ ಬರುತ್ತಿತ್ತೇ ಎಂದು ಪಂಚಾಂಗದ ಕೋಷ್ಟಕಗಳನ್ನು ತೆರೆದು ತಾಳೆ ನೋಡಬೇಕು. ತಾಳೆಯಾಗದಿದ್ದರೆ, ಬರೆಸಿದವನು ಎಂಥ ದೊಡ್ಡ ಅರಸನಾಗಿರಲಿ, ಅವನ ಮೇಲೊಂದು ಅಡಿಟಿಪ್ಪಣಿ ಹಾಕುತ್ತೇವೆ. ಕುಬಟೂರಿನ ಗುಡಿಯೊಂದರ ಮುಂದೆ ಮೂರು ದಿನ ಕುಳಿತು, ಶತಮಾನಗಳ ಹಿಂದೆ ಅಲ್ಲಿ ಯಾರೋ ಭೂಮಿ ದಾನ ಕೊಟ್ಟದ್ದು ಸೋಮವಾರವೇ ಹೌದೆಂದು ನಾನು ಸಾಧಿಸಿದ್ದುಂಟು. ಆದರೆ ಈ ಬೆಳಿಗ್ಗೆ ನಾನು ತಿಂದದ್ದು ಉಪ್ಪಿಟ್ಟೋ ಅವಲಕ್ಕಿಯೋ ಎಂಬುದಕ್ಕೆ ನನ್ನಲ್ಲಿ ಸ್ವತಂತ್ರ ಆಧಾರವಿಲ್ಲ. ಮನೆಯಾಕೆಯನ್ನು ಕೇಳಬೇಕು. ಆಕೆ ಹೇಳಿದ್ದೇ ಇತಿಹಾಸ.

ಇದನ್ನು ವಯಸ್ಸಿನ ಮರೆವು ಎಂದು ನೀವು ಭಾವಿಸಬಾರದು. ಮರೆಯಬೇಕಾದರೂ ಮೊದಲು ಒಳಗೆ ಏನಾದರೂ ಹೋಗಿರಬೇಕಷ್ಟೆ. ನನ್ನ ತೊಂದರೆ ಅದಕ್ಕಿಂತ ಹಿಂದಿನದು. ಜನ ಸೇರಿದಲ್ಲಿ, ಹೊಣೆ ಹೆಗಲಿಗೆ ಬಿದ್ದಲ್ಲಿ, ಎದೆ ಒಂದು ಸಲ ಡವಡವ ಎಂದರೆ ಸಾಕು, ನಾನು ನನ್ನಿಂದ ಎರಡು ಮಾರು ಹಿಂದೆ ಸರಿದು ನಿಂತುಬಿಡುತ್ತೇನೆ. ಎದುರಿನವರ ಮಾತು ಗಾಜಿನ ಆಚೆಯಿಂದ ಬಂದಂತೆ ಕೇಳುತ್ತದೆ. ನನ್ನ ಬಾಯಿ ಸರಿಯಾಗಿಯೇ ಉತ್ತರ ಕೊಡುತ್ತಿರುತ್ತದೆ, ಕೈ ನಮಸ್ಕರಿಸುತ್ತಿರುತ್ತದೆ. ನಾನು ಮಾತ್ರ ಅಲ್ಲಿರುವುದಿಲ್ಲ. ಮರಳಿ ಬಂದು ನೋಡಿದರೆ ಆ ಹೊತ್ತಿನ ಸಾಲುಗಳೆಲ್ಲ ಸವೆದುಹೋಗಿರುತ್ತವೆ. ಸವೆದ ಅಕ್ಷರಗಳ ಜಾಗದಲ್ಲಿ ನಾವು ಚುಕ್ಕಿಗಳನ್ನು ಅಚ್ಚು ಹಾಕಿಸುವುದು ವಾಡಿಕೆ. ನಾನು ಆತ್ಮಕಥೆ ಬರೆದರೆ ಮುದ್ರಕನ ಬಳಿ ಚುಕ್ಕಿಗಳು ಸಾಲಲಾರವು.

ಮನೆಯಾಕೆಯ ಒತ್ತಾಯಕ್ಕೆ ವೈದ್ಯರೊಬ್ಬರನ್ನು ಕಂಡೆ. ತಾಳ್ಮೆಯ ಮನುಷ್ಯ. ಎಲ್ಲವನ್ನೂ ಕೇಳಿ, "ಇದು ಮರೆಗುಳಿ ಕಾಯಿಲೆ ಅಲ್ಲ ಸರ್, ಆತಂಕ. ಗಾಬರಿ ಜಾಸ್ತಿ ಆದಾಗ ಮನಸ್ಸು ಬಾಗಿಲು ಹಾಕ್ಕೊಂಡು ಒಳಗೆ ಕೂತ್ಬಿಡುತ್ತೆ. ಆಗ ನಡೆದದ್ದು ಸರಿಯಾಗಿ ದಾಖಲೇ ಆಗಿರಲ್ಲ. ಯಾವಾಗಿಂದ ಹೀಗೆ?" ಎಂದರು.

"ತಾರೀಖನ್ನು ಪರಿಶೀಲಿಸಿ ಮುಂದಿನ ವಾರ ತಿಳಿಸುತ್ತೇನೆ" ಎಂದೆ.

"ಅದೇ ನೋಡಿ ಸರ್," ಎಂದು ಅವರು ಪೆನ್ನು ಕೆಳಗಿಟ್ಟರು, "ನಾನು ಹೇಳಿದ್ದು ಅದನ್ನೇ."

ಔಷಧದೊಂದಿಗೆ ಒಂದು ಅಭ್ಯಾಸವನ್ನೂ ಹೇಳಿಕೊಟ್ಟರು. ಮನಸ್ಸು ಜಾರುತ್ತಿದೆ ಎನ್ನಿಸಿದ ಕೂಡಲೇ ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಹೆಸರಿಸಬೇಕು, ಕೈಗೆ ಸಿಕ್ಕಿದ್ದನ್ನು ಮುಟ್ಟಬೇಕು, ಇರುವಲ್ಲೇ ಇರಬೇಕು. ಇರುವಲ್ಲೇ ಇರುವುದಕ್ಕೆ ಇಷ್ಟೊಂದು ಸಾಧನೆ ಬೇಕೆಂದು ನನಗೆ ಯಾವ ಗುರುವೂ ಹೇಳಿರಲಿಲ್ಲ.

ಹೀಗೆ ಕಳೆದುಹೋದ ಹೊತ್ತುಗಳಲ್ಲಿ ಹೆಚ್ಚಿನವು ಹೋದರೆ ಹೋಗಲಿ ಎನ್ನುವಂಥವು. ಸಭೆಗಳು, ಸನ್ಮಾನಗಳು, ಸ್ವತಃ ನಾನೇ ಮಾಡಿದ ಭಾಷಣಗಳು. ಅವು ದಾಖಲಾಗದಿದ್ದರೆ ಲೋಕಕ್ಕೇನೂ ನಷ್ಟವಿಲ್ಲ. ಆದರೆ ಒಂದು ದಿನ ಮಾತ್ರ ನನಗೆ ಬೇಕು. ಮಗಳು ಗೌರಿಯ ಮದುವೆಯ ದಿನ. ಒಬ್ಬಳೇ ಮಗಳು. ಮದುವೆ ನಡೆದದ್ದು ನಮ್ಮ ಶಿಕಾರಿಪುರದಲ್ಲೇ. ಅವಳು ಸೇರಿದ್ದು ಸೊರಬದ ಮನೆಗೆ. ತಾರೀಖನ್ನು ಇಲ್ಲಿ ಕೊಡದಿರುವುದಕ್ಕೆ ಕಾರಣವಿದೆ: ಲಗ್ನಪತ್ರಿಕೆ ಗುರುವಾರವೆನ್ನುತ್ತದೆ, ಆಲ್ಬಮ್ಮಿನ ರಟ್ಟು ಅದರ ಹಿಂದಿನ ದಿನವನ್ನು ಹೇಳುತ್ತದೆ. ಈ ವಿರೋಧವನ್ನು ಮನೆಯಾಕೆಯ ಮುಂದಿಟ್ಟಾಗ, "ಬುಧವಾರ ಚಪ್ಪರ, ಗುರುವಾರ ಮುಹೂರ್ತದ ಅಕ್ಕಿಕಾಳು ಕಣ್ರೀ. ಇದಕ್ಕೂ ಸಂಶೋಧನೆ ಬೇಕೇನ್ರೀ?" ಎಂದಳು.

ಬೇಕಿತ್ತು. ಏಕೆಂದರೆ ಆ ಎರಡು ದಿನಗಳಲ್ಲಿ ಒಂದೂ ನನ್ನ ಬಳಿಯಿಲ್ಲ. ಫೋಟೋಗಳಲ್ಲಿ ನಾನಿದ್ದೇನೆ. ಹೊಸ ಪಂಚೆ, ರುಮಾಲು, ಎಲ್ಲರ ಪಕ್ಕದಲ್ಲೂ ಒಂದೇ ಅಳತೆಯ ನಗು. ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಮಗಳ ಮದುವೆಗೆ ಅವನು ಹೋಗಿಬಂದಿದ್ದಾನೆ, ನಾನು ಹೋಗಿಲ್ಲ. ಅರಿಸಿನ ಹಚ್ಚಿದ ಅವಳ ಮುಖ ಹೇಗಿತ್ತೆಂದು ಅವನನ್ನು ಕೇಳೋಣವೆಂದರೆ ಅವನು ಬರೀ ನಗುತ್ತಾನೆ.

ಹೇಗೋ ಇದನ್ನೆಲ್ಲ ಮುಚ್ಚಿಟ್ಟುಕೊಂಡು ಕೆಲವು ವರ್ಷ ಕಳೆದೆ. ಈಚೆಗೆ ಒಂದು ದಿನ ಗೌರಿ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, "ಅಪ್ಪಾಜಿ, ನನ್ನ ಒಪ್ಪಿಸಿಕೊಡೋವಾಗ ನೀವು ಒಂದು ಮಾತು ಹೇಳಿದ್ರಲ್ಲ, ಅದು ನಿಮಗೆ ನೆನಪೈತಾ?" ಎಂದಳು. "ಹೌದು ಮಗಾ, ಹೌದು" ಎಂದೆ. "ಮತ್ತೆ?" ಎಂದಳು ಅವಳು, ಏನನ್ನೋ ಕಾದವಳಂತೆ. ನಾನು ಗಾಬರಿಯಲ್ಲಿ ಸೊರಬದ ಹವೆಯನ್ನು ವಿಚಾರಿಸಿ ಫೋನಿಟ್ಟೆ.

ಹೆಣ್ಣನ್ನು ಒಪ್ಪಿಸಿಕೊಡುವ ಶಾಸ್ತ್ರದಲ್ಲಿ ಮಗಳ ಕೈಯನ್ನು ಅವಳ ಅತ್ತೆಯ ಕೈಯಲ್ಲಿಟ್ಟು ತಂದೆ ಏನಾದರೂ ಹೇಳುವುದುಂಟು. ನಾನು ಏನು ಹೇಳಿದ್ದೆ? ಅವಳನ್ನೇ ಕೇಳಿದರೆ ನಾನು ಅಲ್ಲಿರಲಿಲ್ಲವೆಂಬುದು ಅವಳಿಗೆ ತಿಳಿಯುತ್ತದೆ. ಹಾಗಾಗಿ ಸಾಕ್ಷ್ಯ ಸಂಗ್ರಹಕ್ಕೆ ಇಳಿದೆ. ಮನೆಯಾಕೆಯ ಹೇಳಿಕೆ: "'ಹೊತ್ತಾಯ್ತು, ಬೀಗರನ್ನ ಹೊರಡಿಸಿ' ಅಂದ್ರಿ. ಇನ್ನೇನಂತೀರಿ ನೀವು?" ಆಕೆಯ ತಮ್ಮ ಚನ್ನಬಸಪ್ಪನ ಹೇಳಿಕೆ: "ಏನೂ ಅನ್ನಲಿಲ್ಲ ಬಿಡ್ರೀ ಭಾವ. ಗೋಡೆ ಗಡಿಯಾರ ನೋಡ್ಕಂತ ನಿಂತಿದ್ರಿ. ಆ ಗಡಿಯಾರ ಕೆಟ್ಟು ನಿಂತಿತ್ತು, ಅದೂ ನಿಮಗೆ ಗೊತ್ತಾಗಲಿಲ್ಲ." ಎರಡೂ ನನ್ನ ಸ್ವಭಾವಕ್ಕೆ ಒಪ್ಪುವಂಥವೇ, ಆದ್ದರಿಂದಲೇ ನಂಬುವುದು ಕಷ್ಟವಾಯಿತು. ಉಳಿದದ್ದು ವಿಡಿಯೊ. ಅದರಲ್ಲಿ ಮಾತುಗಳನ್ನೆಲ್ಲ ಅಳಿಸಿ ಉದ್ದಕ್ಕೂ ಶಹನಾಯಿ ತುಂಬಿದ್ದರು. ಆದರೂ ಕಂಡಿತು: ನಾನು ಬಗ್ಗಿ ಗೌರಿಯ ಕಿವಿಯ ಬಳಿ ಏನೋ ಹೇಳುತ್ತೇನೆ. ಅಳುತ್ತಿದ್ದವಳು ಥಟ್ಟನೆ ಅಳು ನಿಲ್ಲಿಸಿ, ನನ್ನ ಮುಖ ನೋಡಿ, ಆಗಲಿ ಎಂಬಂತೆ ತಲೆಯಾಡಿಸುತ್ತಾಳೆ. ಆ ನಾಲ್ಕು ಕ್ಷಣಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಎಷ್ಟು ಸಲ ನೋಡಿದೆನೋ. ಸವೆದ ಕಲ್ಲನ್ನು ನೀರು ಹಚ್ಚಿ, ಓರೆ ಬಿಸಿಲಿಗೆ ನೋಡಿ ಓದಬಹುದು. ನನ್ನ ತುಟಿಯನ್ನು ಓದಲಾಗಲಿಲ್ಲ.

ಕೊನೆಗೆ ಬಸ್ಸು ಹತ್ತಿದೆ. ಶಿರಾಳಕೊಪ್ಪ ದಾಟುವ ಹೊತ್ತಿಗೆ ಎದೆ ಹೊಡೆದುಕೊಳ್ಳತೊಡಗಿತು. ಕಿಟಕಿಯಾಚೆಯ ಗದ್ದೆಗಳು ಚಿತ್ರಪಟದಂತೆ ಚಪ್ಪಟೆಯಾದವು. ವೈದ್ಯರ ಮಾತು ನೆನಪಾಗಿ, "ಕಂಬಿ. ಕಿಟಕಿ. ಕೈಚೀಲ. ಕೊಡೆ. ಕೋಳಿ" ಎಂದು ಹೆಸರಿಸಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಕಂಡಕ್ಟರು ತಿರುಗಿ, "ಕೋಳಿಗೆ ಟಿಕೆಟ್ ಆಗೈತ್ರೀ ಸರ್. ನೀವೇನು ಚೆಕಿಂಗಿನವ್ರಾ?" ಎಂದರು. ಕೋಳಿಯ ಒಡತಿ ನನ್ನನ್ನು ದುರುಗುಟ್ಟಿಕೊಂಡು ನೋಡಿ, ಅದನ್ನು ಸೆರಗಿನೊಳಗೆ ಎಳೆದುಕೊಂಡಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆ ನಗೆಯ ನಡುವೆ ನಾನು ಪೂರ್ತಿಯಾಗಿ ಬಸ್ಸಿನೊಳಗೇ ಇದ್ದೆ. ಅಭ್ಯಾಸ ಫಲಿಸುತ್ತದೆ, ಒಂದು ಕೋಳಿ ಇದ್ದರೆ ಬೇಗ ಫಲಿಸುತ್ತದೆ.

ಸೊರಬದ ಮನೆಯ ಬಾಗಿಲಲ್ಲಿ ಗೌರಿಯ ಅತ್ತೆ ನಾಗರತ್ನಮ್ಮನವರು, "ಬನ್ನಿ ಬೀಗ್ರೇ. ಕಲ್ಲು ನೋಡೋಕೆ ಬಂದಿದ್ದೋ, ಈ ಸಲನಾದ್ರೂ ನಮ್ಮನ್ನ ನೋಡೋಕೋ?" ಎಂದು ನಕ್ಕರು. ನನ್ನ ಮುಖದಲ್ಲಿ ಏನು ಕಂಡರೋ, "ಹಿತ್ತಲಲ್ಲಿ ಅವಳೆ, ಹೋಗಿ. ನಾನು ಕಾಫಿಗಿಡ್ತೀನಿ" ಎಂದು ಒಳಗೆ ಹೋದರು.

ಗೌರಿ ಅವರೆಕಾಯಿ ಸುಲಿಯುತ್ತಿದ್ದಳು. ಪೀಠಿಕೆಯಿಲ್ಲದೆ ಕೇಳಿಬಿಟ್ಟೆ. "ಮಗಾ, ಅವತ್ತು ನಿನ್ನ ಒಪ್ಪಿಸಿಕೊಡೋವಾಗ ನಾನು ಏನಂದೆ?"

ಅವಳ ಕೈ ನಿಂತಿತು. "ಫೋನಲ್ಲಿ ಹೌದು ಹೌದು ಅಂದ್ರಲ್ಲ, ಅದು ಸುಳ್ಳಾ?"

"ಸುಳ್ಳಲ್ಲ. ಆಧಾರವಿಲ್ಲದ ಹೇಳಿಕೆ."

ಅವಳು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂದಿತು, ಮೊಣಕೈಯಿಂದ ಒರೆಸಿಕೊಂಡಳು. "ನೀವು ಕಿವಿ ಹತ್ರ ಬಗ್ಗಿ, 'ಮಗಾ, ಬೆಳಿಗ್ಗೆಯಿಂದ ನಾನು ಇಲ್ಲಿ ಇದ್ದೂ ಇಲ್ಲ. ಏನೂ ಒಳಗೆ ಇಳೀತಿಲ್ಲ. ನೀನು ಇವತ್ತಿನದೆಲ್ಲ ನೋಡಿಟ್ಕೋ, ಆಮೇಲೆ ನಂಗೆ ಹೇಳು' ಅಂದ್ರಿ. ಅದಕ್ಕೇ ನಾನು ಅಳೋದು ಬಿಟ್ಟು ನೋಡೋಕೆ ಶುರು ಮಾಡ್ದೆ. ಅಳ್ತಾ ಇದ್ರೆ ನೋಡೋಕಾಗಲ್ಲ ಅಲ್ವಾ? ಬೆಳಿಗ್ಗೆಯಿಂದ ಆಗಿದ್ದನ್ನೂ ನೆನಪು ಮಾಡ್ಕಂಡು ಎಲ್ಲಾ ಇಟ್ಕಂಡೀನಿ ಅಪ್ಪಾಜಿ. ನೀವು ಕೇಳೋಕೆ ಬರಲೇ ಇಲ್ಲ."

ನಾನು ನೆಲದ ಮೇಲೆ ಕುಳಿತೆ. ಜೋಳಿಗೆಯಿಂದ ನೋಟ್‌ಬುಕ್ಕು ತೆಗೆದದ್ದನ್ನು ಅವಳು ಕಿತ್ತುಕೊಂಡು ಅವರೆ ಸಿಪ್ಪೆಯ ಮೊರದಡಿ ಇಟ್ಟಳು. ಬೆಳಗಿನಿಂದ ಹೇಳತೊಡಗಿದಳು. ಅರಿಸಿನದ ನೀರು ಎಷ್ಟು ತಣ್ಣಗಿತ್ತೆಂದು. ಅವಳ ಅಮ್ಮ ಯಾರಿಗೂ ಕಾಣದಂತೆ ಅಡುಗೆಯವರ ಬೆನ್ನ ಹಿಂದೆ ನಿಂತು ಅತ್ತಳೆಂದು. ಉಡಿ ತುಂಬುವಾಗ ಸೆರಗಿನಿಂದ ಅಕ್ಕಿ ಚೆಲ್ಲಿತಂತೆ. ಅಷ್ಟು ಜನರ ನಡುವೆ ನಾನು ಮಂಡಿಯೂರಿ, ಕಾಲುಗಳ ಸಂದಿಯಲ್ಲಿ ಬಿದ್ದಿದ್ದ ಏಳು ಕಾಳುಗಳನ್ನು ಒಂದೊಂದಾಗಿ ಆರಿಸಿ, ಊದಿ, ಅವಳ ಉಡಿಗೆ ಹಾಕಿದೆನಂತೆ. ಅಷ್ಟು ಕೇಳಿದ್ದೇ ತಡ, ಇದನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಆತಂಕ ಹತ್ತಿ, ಮತ್ತೆ ಎರಡು ಮಾರು ಹಿಂದೆ ಸರಿದೆ. ಬಂದಾಗ ಗೌರಿ ನನ್ನ ಮೊಣಕೈ ಹಿಡಿದಿದ್ದಳು. "ಬಂದ್ರಾ? ಎಲ್ಲಿವರೆಗೆ ಕೇಳಿದ್ರಿ?" "ಅಕ್ಕಿ" ಎಂದೆ. "ಸರಿ, ಅಲ್ಲಿಂದಲೇ ಹೇಳ್ತೀನಿ" ಎಂದಳು, ಏನೂ ಆಗಿಲ್ಲವೆಂಬಂತೆ.

ಅಂದಿನಿಂದ ತಿಂಗಳಿಗೊಮ್ಮೆ ಸೊರಬಕ್ಕೆ ಹೋಗುತ್ತಿದ್ದೇನೆ. ಆ ದಿನ ತುಂಡು ತುಂಡಾಗಿ ನನ್ನ ಕೈ ಸೇರುತ್ತಿದೆ. ಮುಹೂರ್ತದವರೆಗೆ ಬಂದಾಯಿತು, ಮಧ್ಯಾಹ್ನವಷ್ಟೇ ಉಳಿದಿದೆ. ಅದೂ ಮುಗಿದರೆ ಮುಂದೇನೆಂಬ ಯೋಚನೆ ಹೊಕ್ಕು, ಕಳೆದ ಬಾರಿ ಒಂದು ಅಕಾರ್ಯ ಮಾಡಿದೆ. ಒಂದು ಕ್ಷಣವೂ ಜಾರದೆ ಪೂರ್ತಿ ಕೇಳಿಸಿಕೊಂಡಿದ್ದರೂ, "ಅಕ್ಕಿ ಚೆಲ್ಲಿದ್ದಷ್ಟೇ ನೆನಪು, ಮುಂದಿನದೆಲ್ಲ ತಪ್ಪಿಹೋಯ್ತು ಮಗಾ" ಎಂದುಬಿಟ್ಟೆ. ಜೀವಮಾನವಿಡೀ ಕೂಟಶಾಸನಗಳನ್ನು, ಎಂದರೆ ಲಾಭಕ್ಕಾಗಿ ಹುಟ್ಟಿಸಿದ ಸುಳ್ಳು ದಾಖಲೆಗಳನ್ನು, ಬಯಲಿಗೆಳೆದವನು ನಾನು. ಗೌರಿ ನನ್ನ ಮುಖವನ್ನೊಮ್ಮೆ ದಿಟ್ಟಿಸಿದಳು. "ಆಗಲಿ ಬಿಡಿ ಅಪ್ಪಾಜಿ, ಮತ್ತೆ ಅಲ್ಲಿಂದಲೇ ಹೇಳ್ತೀನಿ. ನೀವು ಒಂಬತ್ತು ಕಾಳು ಆರಿಸಿದ್ರಲ್ಲ..." ಎಂದು ತೊಡಗಿ, ಅರೆಕ್ಷಣ ನಿಲ್ಲಿಸಿ ನನ್ನನ್ನೇ ನೋಡಿದಳು.

ಏಳು ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು. ತಿದ್ದಿದ್ದರೆ ಸಿಕ್ಕಿಬೀಳುತ್ತಿದ್ದೆ. ಸಂಖ್ಯೆಯೊಂದು ಕಣ್ಣೆದುರಿಗೇ ತಪ್ಪಾಗಿ ಹಾದುಹೋಗುವುದನ್ನು ಬದುಕಿನಲ್ಲಿ ಮೊದಲ ಸಲ ಸುಮ್ಮನೆ ನೋಡುತ್ತ, "ಹೌದು ಮಗಾ, ಒಂಬತ್ತು. ಆಮೇಲೆ?" ಎಂದೆ.